ಕೈಕಾಲಿನ ಜೋಮು: ತಾತ್ಸಾರವೂ ಬೇಡ, ಹೆದರಿಕೆಯೂ ಬೇಡ

(ಮಹಿಳಾ ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸಿಸ್ಟರ್ ಅವರು ನೀಡಿದ ಭಾಷಣದ ಬರಹ ರೂಪ)



ಇವತ್ತು ನಾನು ಉಳಿತಾಯ, ಸಾಲ, ಬಡ್ಡಿ ವಿಷಯ ಮಾತಾಡುವುದಿಲ್ಲ. ಮೊದಲು ಒಂದು ಪ್ರಶ್ನೆ ಕೇಳ್ತೇನೆ, ನಾಚಿಕೆ ಬಿಟ್ಟು ಕೈ ಎತ್ತಿ. ಕಳೆದ ಒಂದು ತಿಂಗಳಲ್ಲಿ ಯಾರಿಗೆಲ್ಲ ಕೈಗೋ ಕಾಲಿಗೋ ಜೋಮು ಹಿಡಿದದ್ದು, ಜುಮುಜುಮು ಆದದ್ದು ಉಂಟು? ನೋಡಿ, ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲಿವೆ. ಸರಿ, ಇದಕ್ಕಾಗಿ ಡಾಕ್ಟರರ ಹತ್ತಿರ ಹೋದವರು ಎಷ್ಟು ಜನ? ಮೂರೇ ಕೈ. ಉಳಿದವರು ಏನು ಹೇಳ್ತೀರಿ ಅಂತ ನನಗೆ ಗೊತ್ತುಂಟು. "ವಾಯು ಸಿಸ್ಟರ್", "ರಕ್ತ ಕಡಿಮೆ", "ವಯಸ್ಸಾಯ್ತಲ್ಲ", "ಬೀಡಿ ಕಟ್ಟಿ ಕಟ್ಟಿ ಹೀಗಾಗಿದೆ".

ನಾನೂ ಹಾಗೆಯೇ ಹೇಳುತ್ತಿದ್ದೆ. ಅದರ ಕಥೆ ಮೊದಲು ಹೇಳಿಬಿಡ್ತೇನೆ.

ನಮ್ಮ ಒಂದು ಸಂಘದ ಸದಸ್ಯೆ. ಹೆಸರು ಬೇಡ, ಆದರೆ ಈ ಸಂಗತಿ ಎಲ್ಲರಿಗೂ ಹೇಳಿ ಅಂತ ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಒಂದು ದಿನ ವಾರದ ಸಭೆಗೆ ಬಂದಾಗ ಅವರ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. "ಇನ್ನೊಂದು ಎಲ್ಲಿ?" ಅಂತ ಕೇಳಿದಾಗ ಅವರೇ ಕಾಲು ನೋಡಿ ಗಾಬರಿಯಾದರು. ದಾರಿಯಲ್ಲಿ ಚಪ್ಪಲಿ ಜಾರಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. "ಪಾದದಲ್ಲಿ ಇರುವೆ ಹರಿದ ಹಾಗೆ ಆಗ್ತದೆ ಸಿಸ್ಟರ್, ರಾತ್ರಿ ಉರಿ" ಅಂದರು. ನಾನು ದೊಡ್ಡ ತಿಳಿದವಳ ಹಾಗೆ, "ಎಣ್ಣೆ ತಿಕ್ಕಿ ಬಿಸಿನೀರಲ್ಲಿ ಕಾಲಿಡಿ, ಸರಿ ಹೋಗ್ತದೆ" ಅಂದುಬಿಟ್ಟೆ.

ಅವರು ನನ್ನ ಮಾತು ಕೇಳಿದರು. ಒಂದು ಸಂಜೆ ಹಂಡೆಯ ನೀರನ್ನು ಬಕೆಟಿಗೆ ಹಾಕಿ ಕಾಲಿಟ್ಟರು. ಎಷ್ಟು ಬಿಸಿ ಅಂತ ಪಾದ ಹೇಳಲಿಲ್ಲ. ಬೆಳಿಗ್ಗೆ ನೋಡಿದರೆ ಬೊಕ್ಕೆ ಎದ್ದಿತ್ತು. ಗಾಯ ಒಣಗಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಸಕ್ಕರೆ ಅಂಶ 300 ದಾಟಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅಂದಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ಎರಡು ಬೆರಳು ತೆಗೆಯಬೇಕಾಯಿತು. ಸಮಾಜ ಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದಿದ ನಾನು, ಇಷ್ಟು ವರ್ಷ ಹಳ್ಳಿ ಸುತ್ತಿದ ನಾನು, ಒಂದು ರಕ್ತ ಪರೀಕ್ಷೆ ಮಾಡಿಸಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆ ತಪ್ಪಿನ ಋಣ ತೀರಿಸಲು ಇವತ್ತಿನ ಈ ಮಾತು.

ಜೋಮು ಅಂದರೇನು?

ನಮ್ಮ ಮೈಯಲ್ಲಿ ನರಗಳು ಕರೆಂಟಿನ ತಂತಿಗಳ ಹಾಗೆ. ಬಿಸಿ, ತಂಪು, ನೋವು, ಸ್ಪರ್ಶ ಎಲ್ಲದರ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತವೆ. ಚಕ್ಕಳಮಕ್ಕಳ ಕೂತು ಎದ್ದಾಗ ನರ ಒತ್ತಿ ಜೋಮು ಬರ್ತದೆ, ಐದು ನಿಮಿಷದಲ್ಲಿ ಹೋಗ್ತದೆ. ಅದಕ್ಕೆ ಚಿಂತೆ ಬೇಡ. ಆದರೆ ಪುನಃ ಪುನಃ ಬರುವ ಜೋಮು, ಬಂದದ್ದು ಹೋಗದೆ ಉಳಿಯುವ ಜೋಮು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಜೋಮು, ಕೈಯಿಂದ ಪಾತ್ರೆ ಜಾರಿ ಬೀಳಿಸುವ ಜೋಮು, ಇವು ಬೇರೆ. ಜೋಮು ಸ್ವತಃ ಒಂದು ರೋಗ ಅಲ್ಲ, ಅದು ಒಂದು ಸುದ್ದಿ. ಯಾರು ಕಳಿಸಿದ ಸುದ್ದಿ ಅಂತ ಹುಡುಕಬೇಕು. ಎಲ್ಲಿ ಬರ್ತದೆ, ಯಾವಾಗ ಬರ್ತದೆ, ಜೊತೆಗೆ ಇನ್ನೇನಾಗ್ತದೆ, ಈ ಮೂರನ್ನು ಗಮನಿಸಿದರೆ ಡಾಕ್ಟರರಿಗೆ ಅರ್ಧ ಕೆಲಸ ಮುಗಿದ ಹಾಗೆ.

ಎರಡೂ ಪಾದಗಳಲ್ಲಿ ಶುರುವಾದರೆ

ಬೆನ್ನಿನಿಂದ ಪಾದಕ್ಕೆ ಹೋಗುವ ನರಗಳು ಎಲ್ಲಕ್ಕಿಂತ ಉದ್ದ. ಮೈಯೊಳಗೆ ತೊಂದರೆ ಇದ್ದರೆ ಹೆಚ್ಚಾಗಿ ಮೊದಲು ಕೆಡುವುದು ಅವೇ. ಕಾಲುಚೀಲ ಹಾಕಿದ ಹಾಗೆ ಬೆರಳಿನಿಂದ ಮೇಲಕ್ಕೆ ಏರ್ತದೆ, ಆಮೇಲೆ ಕೈಬೆರಳಿಗೂ ಬರ್ತದೆ.

ಇದಕ್ಕೆ ಮೊದಲು ನೋಡಬೇಕಾದದ್ದು ಸಕ್ಕರೆ ಕಾಯಿಲೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 126 ಅಥವಾ ಹೆಚ್ಚು ಬಂದರೆ ಸಕ್ಕರೆ ಕಾಯಿಲೆಯ ಲಕ್ಷಣ, ಡಾಕ್ಟರು ಇನ್ನೊಮ್ಮೆ ನೋಡಿ ಖಚಿತ ಮಾಡ್ತಾರೆ. "ನನಗೆ ಸಿಹಿ ಇಷ್ಟವೇ ಇಲ್ಲ, ಸಕ್ಕರೆ ಎಲ್ಲಿಂದ ಬರ್ತದೆ?" ಅಂತ ಕೇಳಬೇಡಿ. ಸಿಹಿ ತಿನ್ನದವರಿಗೂ ಬರ್ತದೆ.

ಎರಡನೆಯದು ವಿಟಮಿನ್ ಬಿ-12 ಕೊರತೆ. ಈ ಜೀವಸತ್ವ ಮೀನು, ಮಾಂಸ, ಮೊಟ್ಟೆ, ಹಾಲು, ಮೊಸರಿನಲ್ಲಿ ಇದೆ. ಸೊಪ್ಪು ತರಕಾರಿಯಲ್ಲಿ ಇಲ್ಲ. ಮನೆಯಲ್ಲಿ ಹಾಲು ಮಕ್ಕಳಿಗೆ, ಮೀನಿನ ತುಂಡು ಗಂಡಸರಿಗೆ, ನಮಗೆ ಸಾರು ಮತ್ತು ಅನ್ನ. ಹೌದೋ ಅಲ್ಲವೋ? ಹೀಗೆ ವರ್ಷಗಟ್ಟಲೆ ನಡೆದರೆ ಕೊರತೆಯಾಗದೆ ಇರ್ತದಾ? ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು, ಗ್ಯಾಸ್ಟ್ರಿಕ್ ಮಾತ್ರೆಯನ್ನು ಬಹಳ ಕಾಲ ತೆಗೆದುಕೊಂಡವರಲ್ಲೂ ಬಿ-12 ಕಡಿಮೆಯಾಗಬಹುದು. ಹಾಗಂತ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರರಿಗೆ ತಿಳಿಸಿ. ಈ ಕೊರತೆಯಲ್ಲಿ ನಾಲಿಗೆ ಉರಿ, ಸುಸ್ತು, ಮರೆವು, ಕತ್ತಲಲ್ಲಿ ನಡೆಯುವಾಗ ವಾಲಿದ ಹಾಗೆ ಆಗುವುದೂ ಇರಬಹುದು. ಬೇಗ ಗುರುತಿಸಿದರೆ ಗುಣವಾಗ್ತದೆ. ತುಂಬಾ ತಡವಾದರೆ ನರಕ್ಕೆ ಆದ ಹಾನಿ ಉಳಿದುಬಿಡಬಹುದು.

ಥೈರಾಯ್ಡ್ ಕೊರತೆ, ಮೂತ್ರಪಿಂಡದ ತೊಂದರೆ, ಎಚ್‌ಐವಿ ಸೋಂಕು, ಕೆಲವು ಕ್ಯಾನ್ಸರ್ ಔಷಧಿಗಳಿಂದಲೂ ಜೋಮು ಬರ್ತದೆ. ಕ್ಷಯರೋಗದ ಮಾತ್ರೆಗಳಲ್ಲಿ ಐಸೋನಿಯಾಜಿಡ್ ಎಂಬುದೊಂದಿದೆ. ಅದರಿಂದ ನರಕ್ಕೆ ತೊಂದರೆಯಾಗದ ಹಾಗೆ ವಿಟಮಿನ್ ಬಿ-6 ಮಾತ್ರೆ ಕೊಡ್ತಾರೆ, ಅದನ್ನು ಬಿಡಬೇಡಿ. ಇನ್ನು ಕುಡಿತ. ದಿನಾ ಕುಡಿಯುವ ಗಂಡನ ಪಾದ ಮರಗಟ್ಟಿದ್ದರೆ, ನಡಿಗೆ ತಪ್ಪಿದರೆ, ಅದು ಆ ಹೊತ್ತಿನ ಅಮಲು ಮಾತ್ರ ಅಲ್ಲ, ನರ ಕೆಡುತ್ತಿರಬಹುದು.

ಕೈಯಲ್ಲಿ ಮಾತ್ರ ಇದ್ದರೆ

ಬೀಡಿ ಕಟ್ಟುವವರು, ಟೈಲರಿಂಗ್ ಮಾಡುವವರು, ಹೂ ಕಟ್ಟುವವರು, ಅಡಿಕೆ ಸುಲಿಯುವವರು ಇದನ್ನು ಕೇಳಿ. ಮಣಿಕಟ್ಟಿನೊಳಗೆ ಒಂದು ಕಿರಿದಾದ ಓಣಿ ಇದೆ, ಅದರೊಳಗೆ ಒಂದು ನರ ಹೋಗ್ತದೆ. ಒಂದೇ ಕೆಲಸವನ್ನು ದಿನವಿಡೀ ಮಾಡಿದರೆ ಅಲ್ಲಿ ಊತ ಬಂದು ನರ ಒತ್ತಿಕೊಳ್ಳಬಹುದು. ಆಗ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ಜೋಮು ಹಿಡಿಯುತ್ತವೆ. ಮಧ್ಯರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಸ್ವಲ್ಪ ಆರಾಮ. ಗರ್ಭಿಣಿಯರಿಗೂ, ಥೈರಾಯ್ಡ್ ಮತ್ತು ಸಕ್ಕರೆ ಇದ್ದವರಿಗೂ ಇದು ಹೆಚ್ಚು. ರಾತ್ರಿ ಮಣಿಕಟ್ಟು ನೇರವಾಗಿ ಇರುವಂತೆ ಪಟ್ಟಿ ಕಟ್ಟಿ ಮಲಗುವುದು, ಕೆಲಸದ ನಡುವೆ ಕೈಗೆ ವಿರಾಮ ಕೊಡುವುದು ಅನೇಕರಿಗೆ ಸಾಕಾಗ್ತದೆ. ಹೆಬ್ಬೆರಳಿನ ಬುಡದ ಮಾಂಸ ಕರಗುತ್ತಾ ಬಂದರೆ ತಡ ಮಾಡಬೇಡಿ, ಚಿಕ್ಕ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಕಿರುಬೆರಳಿನಲ್ಲಿ ಜೋಮು ಇದ್ದರೆ ನರ ಮೊಣಕೈಯಲ್ಲಿ ಒತ್ತಿರಬಹುದು. ಕುತ್ತಿಗೆ ನೋವಿನ ಜೊತೆ ಒಂದು ಕೈಗೆ, ಸೊಂಟ ನೋವಿನ ಜೊತೆ ಒಂದು ಕಾಲಿಗೆ ಇಳಿದರೆ ಬೆನ್ನುಮೂಳೆಯ ಹತ್ತಿರ ಒತ್ತಿರಬಹುದು.

ಮಚ್ಚೆಯನ್ನು ಸೆರಗಿನಲ್ಲಿ ಮುಚ್ಚಬೇಡಿ

ಈಗ ಎಲ್ಲರೂ ಬಾಯಿ ಬಿಡಲು ಹೆದರುವ ಕಾರಣ. ಮೈಮೇಲೆ ಬಿಳಿಚಿದ ಅಥವಾ ಕೆಂಪಾದ ಮಚ್ಚೆ, ಅದನ್ನು ಮುಟ್ಟಿದರೆ ಗೊತ್ತಾಗುವುದಿಲ್ಲ, ಕೈಕಾಲು ಜೋಮು. ಇದು ಕುಷ್ಠರೋಗ ಇರಬಹುದು. ಒಬ್ಬ ತಾಯಿ ಮಗಳ ಮದುವೆ ನಿಂತುಹೋಗ್ತದೆ ಅಂತ ಮಚ್ಚೆಯನ್ನು ಎರಡು ವರ್ಷ ಉದ್ದ ತೋಳಿನ ರವಿಕೆಯಲ್ಲಿ ಮುಚ್ಚಿಟ್ಟಿದ್ದರು. ಮದುವೆ ಆಯಿತು, ಆದರೆ ಅಷ್ಟರಲ್ಲಿ ಅವರ ಬೆರಳುಗಳು ಮಡಚಿದ್ದವು. ಮೊದಲೇ ಬಂದಿದ್ದರೆ ಬೆರಳೂ ಉಳಿಯುತ್ತಿತ್ತು, ಗುಟ್ಟೂ ಉಳಿಯುತ್ತಿತ್ತು.

2005ರಲ್ಲಿ ನಮ್ಮ ದೇಶ ಇದನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಿಸಿದ್ದೇವೆ ಎಂದು ಘೋಷಿಸಿತು. ಅದರ ಅರ್ಥ ರೋಗ ಇಲ್ಲ ಅಂತ ಅಲ್ಲ, 10,000 ಜನರಲ್ಲಿ ಒಬ್ಬರಿಗಿಂತ ಕಡಿಮೆ ಅಂತ. 2023ರಲ್ಲೂ ಲೋಕದ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಭಾರತದವರೇ. ಇದು ಶಾಪ ಅಲ್ಲ, ಪಾಪದ ಫಲ ಅಲ್ಲ, ಒಂದು ರೋಗಾಣು. 1873ರಲ್ಲಿ ನಾರ್ವೆಯ ಡಾ. ಹ್ಯಾನ್ಸನ್ ಅದನ್ನು ಕಂಡುಹಿಡಿದರು. ಕೈ ಮುಟ್ಟಿದರೆ, ಒಟ್ಟಿಗೆ ಊಟ ಮಾಡಿದರೆ ಹರಡುವುದಿಲ್ಲ. ಹೆಚ್ಚಿನವರ ಮೈಯಲ್ಲಿ ಅದನ್ನು ಎದುರಿಸುವ ಶಕ್ತಿ ಹುಟ್ಟಿನಿಂದಲೇ ಇದೆ. ಸರಕಾರಿ ಆಸ್ಪತ್ರೆಯಲ್ಲಿ ಔಷಧಿ ಪೂರ್ತಿ ಉಚಿತ. 6 ತಿಂಗಳು ಅಥವಾ 12 ತಿಂಗಳು ತೆಗೆದುಕೊಂಡರೆ ಗುಣ. ಮೊದಲು ಈ ಕಾಯಿಲೆ ವಿಚ್ಛೇದನಕ್ಕೆ ಕಾರಣವಾಗುತ್ತಿತ್ತು. 2019ರಲ್ಲಿ ಕಾನೂನು ತಿದ್ದಿ ಅದನ್ನು ತೆಗೆದುಹಾಕಿದರು.

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ, ಆದರೂ ಸಂತ ದಾಮಿಯನರ ಕಥೆ ಹೇಳಬೇಕು. ಬೆಲ್ಜಿಯಂ ದೇಶದ ಈ ಪಾದ್ರಿ 1873ರಲ್ಲಿ ಹವಾಯಿಯ ಮೊಲೊಕಾಯಿ ದ್ವೀಪಕ್ಕೆ, ಊರಿನಿಂದ ಹೊರಹಾಕಿದ ಕುಷ್ಠರೋಗಿಗಳ ಸೇವೆಗೆ ಹೋದರು. 1884ರ ಕೊನೆಯಲ್ಲಿ ಒಂದು ದಿನ ದಣಿದ ಕಾಲನ್ನು ಬಿಸಿನೀರಿನಲ್ಲಿಟ್ಟರು. ಚರ್ಮ ಸುಟ್ಟು ಬೊಕ್ಕೆ ಎದ್ದಿತು, ನೋವೇ ಆಗಲಿಲ್ಲ. ತನಗೂ ರೋಗ ತಗುಲಿದೆ ಎಂದು ಅವರಿಗೆ ಹಾಗೆ ತಿಳಿಯಿತು. 1889ರಲ್ಲಿ ತೀರಿಕೊಂಡರು. ಇಲ್ಲೇ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ತೆರೆದರು. ಅವರ ಕಾಲದಲ್ಲಿ ಪ್ರೀತಿ ಇತ್ತು, ಗುಣಪಡಿಸುವ ಮದ್ದು ಇರಲಿಲ್ಲ. ನಮ್ಮ ಕಾಲದಲ್ಲಿ ಮದ್ದು ಇದೆ. ಪ್ರೀತಿಯನ್ನು ನಾವು ಕಡಿಮೆ ಮಾಡಬಾರದು.

ಕೂಡಲೇ ಆಸ್ಪತ್ರೆಗೆ ಓಡಬೇಕಾದದ್ದು

ಒಮ್ಮೆಲೇ ಮೈಯ ಒಂದು ಬದಿ ಮರಗಟ್ಟಿದರೆ, ಬಾಯಿ ಓರೆಯಾದರೆ, ಮಾತು ತೊದಲಿದರೆ ಅದು ಲಕ್ವ. ಕಷಾಯ, ಎಣ್ಣೆ ಅಂತ ಕೂರಬೇಡಿ, 108ಕ್ಕೆ ಫೋನ್ ಮಾಡಿ. ರಕ್ತ ಹೆಪ್ಪುಗಟ್ಟಿ ಆದದ್ದಾದರೆ ಅದನ್ನು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕಾಲಿನ ಜೋಮು ಮತ್ತು ನಿಶ್ಶಕ್ತಿ ಕೆಲವೇ ದಿನಗಳಲ್ಲಿ ಮೇಲೇರುತ್ತಾ ಬಂದರೆ, ಉಸಿರಾಟ ಕಷ್ಟವಾದರೆ, ಅಥವಾ ಸೊಂಟ ನೋವಿನ ಜೊತೆ ತೊಡೆಯ ಸಂದಿ ಮರಗಟ್ಟಿ ಮೂತ್ರ ತಡೆದರೆ ಆಗಲೂ ಅದೇ ದಿನ ಹೋಗಬೇಕು.

ಮಾಡಬಾರದ್ದು

"ನರಕ್ಕೆ ಶಕ್ತಿಯ ಇಂಜೆಕ್ಷನ್" ಅಂತ ಪರೀಕ್ಷೆ ಇಲ್ಲದೆ ಹಾಕಿಸಿಕೊಳ್ಳಬೇಡಿ. ಮೊದಲೇ ಬಿ-12 ತೆಗೆದುಕೊಂಡರೆ ಆಮೇಲೆ ರಕ್ತ ಪರೀಕ್ಷೆಯಲ್ಲಿ ಕೊರತೆ ಕಾಣದೆ ಹೋಗಬಹುದು. ಬಿ-6 ಮಾತ್ರೆಯನ್ನು ಅತಿಯಾಗಿ, ಬಹಳ ಕಾಲ ನುಂಗಿದರೆ ಅದರಿಂದಲೇ ಜೋಮು ಬರ್ತದೆ. ಮರಗಟ್ಟಿದ ಕಾಲಿಗೆ ಬಿಸಿನೀರಿನ ಚೀಲ ಇಡಬೇಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬೇಡಿ. ನೀರಿನ ಬಿಸಿಯನ್ನು ಜೋಮಿಲ್ಲದ ಮೊಣಕೈಯಿಂದ ನೋಡಿ ಅಥವಾ ಮನೆಯವರಿಂದ ನೋಡಿಸಿ. ದಿನಾ ರಾತ್ರಿ ಪಾದದ ಅಡಿಯನ್ನು ಕನ್ನಡಿ ಹಿಡಿದು ನೋಡಿ. ನೋವು ಹೇಳದ ಗಾಯವನ್ನು ಕಣ್ಣು ನೋಡಬೇಕು.

ಎಲ್ಲ ಪರೀಕ್ಷೆ ಮಾಡಿಸಿದ ಮೇಲೂ ಕೆಲವರಲ್ಲಿ ಕಾರಣ ಸಿಗುವುದಿಲ್ಲ. ಅದು ನಿಮ್ಮ ಭ್ರಮೆ ಅಂತ ಅರ್ಥ ಅಲ್ಲ. ಉರಿ ಕಡಿಮೆ ಮಾಡುವ ಔಷಧಿ ಇದೆ, ಪಾದದ ಆರೈಕೆ ಇದೆ, ಆಗಾಗ ಪುನಃ ತೋರಿಸುತ್ತಿರಬೇಕು.

ಸಂಘ ಏನು ಮಾಡಬಹುದು?

ಒಂದು ಸುಲಭ ಪರೀಕ್ಷೆ ಕಲಿಯೋಣ. ಸದಸ್ಯೆ ಕಣ್ಣು ಮುಚ್ಚಿ ಮಲಗಲಿ. ಇನ್ನೊಬ್ಬರು ತೋರುಬೆರಳಿನ ತುದಿಯಿಂದ ಅವರ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೊಂದಾಗಿ ಹಗುರವಾಗಿ ಮುಟ್ಟಿ ಒಂದೆರಡು ಸೆಕೆಂಡು ಇಡಲಿ. ಒತ್ತಬಾರದು, ತಿಕ್ಕಬಾರದು. ಮುಟ್ಟಿದಾಗ ಬಲ, ಎಡ ಎಂದು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಪಾದದ ಸ್ಪರ್ಶ ಕಡಿಮೆಯಾಗಿದೆ, ಡಾಕ್ಟರರಿಗೆ ತೋರಿಸಬೇಕು. ಖರ್ಚು ಏನೂ ಇಲ್ಲ.

ಮೂರು ತಿಂಗಳಿಗೊಮ್ಮೆ ಸಭೆಯಲ್ಲಿ ಇದನ್ನು ಮಾಡಿ, ನಿರ್ಣಯ ಪುಸ್ತಕದಲ್ಲಿ ಬರೆಯಿರಿ. 30 ದಾಟಿದ ಎಲ್ಲ ಸದಸ್ಯೆಯರು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ಬಿ.ಪಿ. ಪರೀಕ್ಷೆ ಮಾಡಿಸಿಕೊಳ್ಳಿ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ತಿಳಿಸ್ತಾರೆ. ಬಿ-12, ಥೈರಾಯ್ಡ್ ಪರೀಕ್ಷೆಗೆ ಹಣ ಬೇಕಾದರೆ ಸಂಘದ ಆಂತರಿಕ ಸಾಲ ಕೊಡಿ. ಮದುವೆಗೆ, ಮನೆ ರಿಪೇರಿಗೆ ಸಾಲ ಕೇಳುವ ನಾವು ನಮ್ಮ ಕಾಲಿಗಾಗಿ ಕೇಳಲು ಯಾಕೆ ಸಂಕೋಚಪಡ್ತೇವೆ? ಯಾರಿಗಾದರೂ ಮಚ್ಚೆ ಇದ್ದರೆ ಸಭೆಯಲ್ಲಿ ಚರ್ಚೆ ಮಾಡಬೇಡಿ. ಅವರ ಜೊತೆ ಒಬ್ಬರು ಆಸ್ಪತ್ರೆಗೆ ಹೋಗಿ, ಗುಟ್ಟು ಕಾಪಾಡಿ.

ಚಪ್ಪಲಿ ಕಳೆದುಕೊಂಡ ಆ ಸಹೋದರಿ ಇವತ್ತು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಈಗ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕ್ತಾರೆ, ಸಕ್ಕರೆ ಹತೋಟಿಯಲ್ಲಿದೆ. ಅವರು ನನಗೆ ಹೇಳಿದ್ದು ಒಂದೇ ಮಾತು: "ಸಿಸ್ಟರ್, ಇನ್ನು ಯಾರಾದರೂ ಚಪ್ಪಲಿ ಬಿಟ್ಟು ಬಂದರೆ ನಗಬೇಡಿ, ಕಾಲು ನೋಡಿ."

ನಾನು ಇನ್ನು ನಗುವುದಿಲ್ಲ. ನೀವೂ ಒಬ್ಬರ ಪಾದವನ್ನು ಇನ್ನೊಬ್ಬರು ನೋಡಿಕೊಳ್ಳಿ. ಪ್ರಭು ಯೇಸು ಶಿಷ್ಯರ ಪಾದ ತೊಳೆದು ನಮಗೆ ಕಲಿಸಿದ್ದೂ ಅದನ್ನೇ. ದೇವರು ನಿಮ್ಮೆಲ್ಲರನ್ನು ಆರೋಗ್ಯದಲ್ಲಿ ಕಾಪಾಡಲಿ.