ಪರದೆಯ ಮೇಲಿನ ಪುಟ್ಟ ಚಿತ್ರ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ದೊಡ್ಡ ವಿಷಯ ಬೇಡ. ಪರದೆಯ ಮೇಲೆ ನಾವು ಒತ್ತುವ ಪುಟ್ಟ ಚಿತ್ರವಿದೆಯಲ್ಲ, ಐಕಾನ್, ಅದರ ಬಗ್ಗೆಯೇ ಹೇಳುತ್ತೇನೆ. ನನ್ನ ಕಸುಬಿನ ದೊಡ್ಡ ಪಾಠ ಕಲಿಸಿದ್ದು ಅದೇ.

ಹತ್ತನೇ ತರಗತಿಯ ಮಕ್ಕಳ ಬಳಿ ಗ್ರಾಫ್ ಹಾಳೆ ಇರುತ್ತದೆ. 1984ರಲ್ಲಿ ಬಂದ ಆಪಲ್ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಸೂಸನ್ ಕೇರ್ ಎಂಬ ಕಲಾವಿದೆ ಐಕಾನ್‌ಗಳನ್ನು ಮೊದಲು ಬಿಡಿಸಿದ್ದು ಅಂಥ ಹಾಳೆಯ ಮೇಲೆಯೇ. ಅಡ್ಡ 32, ಉದ್ದ 32, ಒಟ್ಟು 1024 ಚೌಕ. ಪ್ರತಿ ಚೌಕವೂ ಕಪ್ಪು, ಇಲ್ಲವೇ ಬಿಳಿ. ಅಷ್ಟರಲ್ಲೇ ನಗುವ ಕಂಪ್ಯೂಟರನ್ನೂ ಬತ್ತಿ ಹೊತ್ತಿದ ಬಾಂಬನ್ನೂ ಮೂಡಿಸಿದರು.

ಈಗ ಒಂದೇ ಪ್ರೋಗ್ರಾಮು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡಬೇಕು. ಕ್ಯೂಟ್‌ನಂಥ ಸಾಧನ ಬಳಸಿದರೆ ಪ್ರೋಗ್ರಾಮನ್ನು ಒಮ್ಮೆ ಬರೆದು ಮೂರಕ್ಕೂ ಸಿದ್ಧಪಡಿಸಬಹುದು. ಆದರೆ ಐಕಾನ್ ವಿಷಯದಲ್ಲಿ ಒಂದೊಂದು ಮನೆಗೆ ಒಂದೊಂದು ಪದ್ಧತಿ. ವಿಂಡೋಸ್‌ಗೆ ಐಸಿಒ ಎಂಬ ಒಂದೇ ಫೈಲಿನಲ್ಲಿ 16, 32, 48, 256 ಹೀಗೆ ಹಲವು ಅಳತೆಯ ಚಿತ್ರಗಳಿರಬೇಕು. ಮ್ಯಾಕ್‌ಗೆ ಐಸಿಎನ್‌ಎಸ್ ಫೈಲು. ಅದರ ಅಳತೆ 1024ರವರೆಗೆ ಹೋಗುತ್ತದೆ. ಲಿನಕ್ಸ್‌ನಲ್ಲಿ ಅಳತೆಗೊಂದು ಫೋಲ್ಡರ್ ಮಾಡಿ ಇಡಬೇಕು.

ದೊಡ್ಡ ಚಿತ್ರವನ್ನೇ ಕುಗ್ಗಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡಿ. 256 ಚೌಕದ ಚಿತ್ರದಲ್ಲಿ 8 ಚೌಕ ದಪ್ಪದ ಗೆರೆ ಇದೆ. ಅದನ್ನು 16ಕ್ಕೆ ಇಳಿಸಿದರೆ ಗೆರೆಯ ದಪ್ಪ ಅರ್ಧ ಚೌಕ. ಪರದೆಯಲ್ಲಿ ಅರ್ಧ ಚೌಕ ಎಂಬುದೇ ಇಲ್ಲ. ಗೆರೆ ಮಸುಕಾಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಚಿಕ್ಕ ಐಕಾನನ್ನು ಹೊಸದಾಗಿ, ವಿವರ ಕಡಿಮೆ ಮಾಡಿ ಬಿಡಿಸಬೇಕು.

ಇನ್ನು ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾಲಿನ ಸಂಘವೊಂದಕ್ಕೆ ಪ್ರೋಗ್ರಾಮು ಮಾಡಿಕೊಟ್ಟಿದ್ದೆ. ನನ್ನ ವಿಂಡೋಸ್ ಯಂತ್ರದಲ್ಲಿ ಎಲ್ಲ ಸರಿಯಾಗಿತ್ತು. ಸಂಘದವರು ಅದನ್ನು ಲಿನಕ್ಸ್ ಯಂತ್ರಕ್ಕೆ ಹಾಕಿಸಿದರು. ಮರುದಿನ ಬೆಳಿಗ್ಗೆ ಫೋನು ಬಂತು. "ಸಾರ್, ಚಿತ್ರವೆಲ್ಲ ಹೋಗಿವೆ. ಜನ ಕ್ಯಾನು ಹಿಡಿದು ನಿಂತಿದ್ದಾರೆ. ಯಾವುದನ್ನು ಒತ್ತಲಿ?" ಆ ಅಕ್ಕನಿಗೆ ಇಂಗ್ಲಿಷ್ ಬಾರದು, ಪ್ರಿಂಟರ್ ಚಿತ್ರ ಒತ್ತಿದರೆ ಚೀಟಿ ಬರುತ್ತದೆ ಎಂದಷ್ಟೇ ಗೊತ್ತು. ಅಂದಾಜಿನ ಮೇಲೆ ಒಂದು ಖಾಲಿ ಬಟನ್ ಒತ್ತಿದ್ದರು. ಅದು ಅಳಿಸುವ ಬಟನ್. ಅಂದು ಬೆಳಗಿನ ಹಾಲಿನ ಲೆಕ್ಕವೆಲ್ಲ ಹೋಗಿತ್ತು.

ಕಾರಣ ಒಂದೇ ಅಕ್ಷರ. ಫೈಲಿನ ಹೆಸರಿನಲ್ಲಿ 'ಪ್ರಿಂಟ್' ಎಂಬ ಪದದ ಮೊದಲ ಇಂಗ್ಲಿಷ್ ಅಕ್ಷರ ದೊಡ್ಡದು. ನಾನು ಪ್ರೋಗ್ರಾಮಿನಲ್ಲಿ ಬರೆದದ್ದು ಚಿಕ್ಕದು. ಉಳಿದ ಹೆಸರುಗಳಲ್ಲೂ ಅದೇ ತಪ್ಪು. ವಿಂಡೋಸ್‌ಗೆ ಎರಡೂ ಒಂದೇ. ಲಿನಕ್ಸ್‌ಗೆ ಬೇರೆ ಬೇರೆ. ಚಿತ್ರ ಸಿಗದಿದ್ದರೂ ಪ್ರೋಗ್ರಾಮು ದೂರು ಹೇಳಲಿಲ್ಲ, ಸುಮ್ಮನೆ ಖಾಲಿ ಬಿಟ್ಟಿತು.

ಆಮೇಲೆ ಚಿತ್ರಗಳನ್ನು ಪ್ರೋಗ್ರಾಮಿನ ಒಳಗೇ ಸೇರಿಸಿದೆ; ಹೆಸರು ತಪ್ಪಿದರೆ ಈಗ ನನ್ನ ಯಂತ್ರದಲ್ಲೇ ಗೊತ್ತಾಗುತ್ತದೆ. ಪ್ರತಿ ಚಿತ್ರದ ಕೆಳಗೆ ಕನ್ನಡದಲ್ಲಿ 'ಚೀಟಿ', 'ಉಳಿಸು', 'ಅಳಿಸು' ಎಂದು ಬರೆದೆ. ಅಳಿಸುವ ಮುನ್ನ "ನಿಜವಾಗಿ ಅಳಿಸಬೇಕೇ?" ಎಂದು ಕೇಳುವಂತೆ ಮಾಡಿದೆ. ಕೆಂಪು-ಹಸಿರು ವ್ಯತ್ಯಾಸ ಕಾಣದವರೂ ಇರುತ್ತಾರೆಂದು ಬಣ್ಣದ ಜೊತೆಗೆ ಆಕಾರವನ್ನೂ ಬದಲಿಸಿದೆ.

ಚಿತ್ರವಿದ್ದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ ಎಂದು ನಾವು ತಿಳಿಯುತ್ತೇವೆ. 'ಉಳಿಸು' ಎನ್ನಲು ಇವತ್ತಿಗೂ ಫ್ಲಾಪಿಯ ಚಿತ್ರ ಹಾಕುತ್ತಾರೆ. ಇಲ್ಲಿ ಕೂತಿರುವ ಮಕ್ಕಳಲ್ಲಿ ಫ್ಲಾಪಿ ನೋಡಿದವರು ಎಷ್ಟು ಜನ? ಯಾರೋ ಹೇಳಿಕೊಟ್ಟರೆ ಮಾತ್ರ ಚಿತ್ರಕ್ಕೆ ಅರ್ಥ ಬರುತ್ತದೆ.

ಮಕ್ಕಳೇ, ಮುಂದೆ ನೀವೂ ಪ್ರೋಗ್ರಾಮು ಬರೆಯುತ್ತೀರಿ. ನಿಮ್ಮ ಯಂತ್ರದಲ್ಲಿ ಓಡಿತೆಂದು ಎದ್ದು ಹೋಗಬೇಡಿ. ಅದನ್ನು ಬಳಸುವವರ ಯಂತ್ರದ ಮುಂದೆ, ಅವರ ಪಕ್ಕದಲ್ಲಿ ಒಮ್ಮೆ ಕೂತು ನೋಡಿ. ಉತ್ತರ ಬರೆದ ಮೇಲೆ ಇನ್ನೊಮ್ಮೆ ಓದಿ ಕೊಡಿ ಎಂದು ಈ ಶಾಲೆಯ ಗುರುಗಳು ಹೇಳುತ್ತಿದ್ದದ್ದೂ ಇದನ್ನೇ.