ದಾನವಲ್ಲ, ನ್ಯಾಯ

'ಅನುಕಂಪ' ಎಂಬ ಮಾತನ್ನು ನಾವು ದಿನವೂ ಬಳಸುತ್ತೇವೆ. ಇನ್ನೊಬ್ಬನ ದುಃಖವನ್ನು ಕಂಡು ಅವನೊಡನೆ ತಾನೂ ನಡುಗುವುದು ಎಂಬುದು ಅದರ ಮೂಲಾರ್ಥ. ದೊಡ್ಡ ಮಾತೇ ಸರಿ. ಆದರೆ ನಾವು ಒಂದು ಗಳಿಗೆ ನಡುಗಿ, ಕೈಯಲ್ಲಿದ್ದ ಕಾಸನ್ನು ಹಾಕಿ ಮುಂದೆ ಹೋಗುತ್ತೇವೆ. ಕಾಸು ಪಡೆದವನು ಇದ್ದಲ್ಲಿಯೇ ಇರುತ್ತಾನೆ. ಇಷ್ಟು ಸಾಕೇ ಎಂದು ಕೇಳಿದ ಕೆಲವರ ಕಥೆಯನ್ನು ಈಗ ಹೇಳುತ್ತೇನೆ. ಅವರು ಬ್ರಿಟನ್ನಿನ ಅಂಧ ಕೆಲಸಗಾರರು.

ಆ ದೇಶದಲ್ಲಿ ಅಂಧರಿಗಾಗಿ ಧರ್ಮಸಂಸ್ಥೆಗಳು ನಡೆಸುತ್ತಿದ್ದ ಕಾರ್ಯಾಗಾರಗಳಿದ್ದುವು. ಬುಟ್ಟಿ ಹೆಣೆಯುವುದು, ಬ್ರಷ್ಷು ಕಟ್ಟುವುದು, ಚಾಪೆ ನೇಯುವುದು ಅಲ್ಲಿನ ಕೆಲಸ. ಹಗಲೆಲ್ಲ ದುಡಿದರೂ ಕೂಲಿ ಹೊಟ್ಟೆಗೆ ಸಾಲದು. ಹೊರಗಿನ ಕಾರ್ಖಾನೆಗಳಲ್ಲಿ ಅವರನ್ನು ಸೇರಿಸಿಕೊಳ್ಳುವವರು ಅಪರೂಪ. ಆದಕಾರಣ 1899ರಲ್ಲಿ ಅವರು 'ನ್ಯಾಷನಲ್ ಲೀಗ್ ಆಫ್ ದಿ ಬ್ಲೈಂಡ್' ಎಂಬ ಕಾರ್ಮಿಕ ಸಂಘವನ್ನು ಕಟ್ಟಿದರು. ಕಣ್ಣುಳ್ಳವರು ಅಂಧರಿಗೆಂದು ಕಟ್ಟಿದ ಸಂಘವಲ್ಲ ಅದು; ಅಂಧರು ತಮಗಾಗಿ ತಾವೇ ಕಟ್ಟಿಕೊಂಡದ್ದು.

1920ರ ಏಪ್ರಿಲ್ 5ರಂದು ಮ್ಯಾಂಚೆಸ್ಟರ್, ಲೀಡ್ಸ್, ನ್ಯೂಪೋರ್ಟ್ ಎಂಬ ಮೂರು ಊರುಗಳಿಂದ ಅಂಧರ ಮೂರು ತಂಡಗಳು ಲಂಡನ್ನಿನ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟುವು. ಒಟ್ಟು ನೂರೈವತ್ತಕ್ಕೂ ಮಿಕ್ಕ ಜನ. ಒಬ್ಬರ ತೋಳನ್ನೊಬ್ಬರು ಹಿಡಿದು, ಸಾಲುಸಾಲಾಗಿ ನಡೆದರು. ಅವರ ಪತಾಕೆಯಲ್ಲಿದ್ದುದು ಇಷ್ಟೇ ಮಾತು: ದಾನವಲ್ಲ, ನ್ಯಾಯ. ಹಿಡಿದವರಲ್ಲಿ ಬಹುಮಂದಿಗೆ ಅದು ಕಾಣುತ್ತಿರಲಿಲ್ಲ, ಓದಬೇಕಾಗಿದ್ದವರು ಕಣ್ಣುಳ್ಳವರು.

ಇಪ್ಪತ್ತು ದಿನಗಳ ಮೇಲೆ, ಏಪ್ರಿಲ್ 25ರಂದು, ಅವರು ಲಂಡನ್ನಿನ ಟ್ರಾಫಲ್ಗರ್ ಚೌಕವನ್ನು ಮುಟ್ಟಿದಾಗ ಸಾವಿರಾರು ಜನ ಕಾದಿದ್ದರು. ಪ್ರಧಾನಮಂತ್ರಿ ಲಾಯ್ಡ್ ಜಾರ್ಜ್ ಅವರ ಮಾತನ್ನು ಕೇಳಿದರು. ಅದೇ ವರ್ಷ ಅಂಧರ ಕಾಯಿದೆ ಬಂತು. ಎಪ್ಪತ್ತು ವರ್ಷಕ್ಕೆ ದೊರೆಯುತ್ತಿದ್ದ ಪಿಂಚಣಿ ಅಂಧರಿಗೆ ಐವತ್ತಕ್ಕೇ ದೊರೆಯುವಂತಾಯಿತು. ಅವರ ಯೋಗಕ್ಷೇಮ ಸ್ಥಳೀಯ ಆಡಳಿತದ ಹೊಣೆಯಾಯಿತು. ಕೂಲಿಯ ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ. 1936ರಲ್ಲಿ ಅವರು ಮತ್ತೆ ನಡೆಯಬೇಕಾಯಿತು. 1938ರ ಕಾಯಿದೆ ಪಿಂಚಣಿಯ ವಯಸ್ಸನ್ನು ನಲವತ್ತಕ್ಕೆ ಇಳಿಸಿತು.

ಇದೆಲ್ಲ ಹಳೆಯ ಕಥೆ ಎನ್ನಬೇಡಿ. ಪಡೆದದ್ದನ್ನು ಉಳಿಸಿಕೊಳ್ಳುವುದಕ್ಕೂ ಹೋರಾಡಬೇಕಾದ ಕಾಲ ಅದೇ ದೇಶದಲ್ಲಿ ಬಂತು. ಎರಡನೆಯ ಮಹಾಯುದ್ಧದ ನಂತರ ಅಂಗವಿಕಲರಿಗೆಂದು ತೆರೆದ 'ರೆಂಪ್ಲಾಯ್' ಕಾರ್ಖಾನೆಗಳಲ್ಲಿ ಉಳಿದಿದ್ದುವು 2013ರ ಹೊತ್ತಿಗೆ ಸರ್ಕಾರದ ಕೈಬಿಟ್ಟುವು. ತೀವ್ರ ಅಂಗವಿಕಲರು ತಮ್ಮ ಮನೆಯಲ್ಲಿಯೇ ಸಹಾಯಕರನ್ನು ಇಟ್ಟುಕೊಂಡು ಬಾಳಲು ನೆರವಾಗಿದ್ದ ನಿಧಿಯನ್ನು 2015ರ ಜೂನ್ 30ರಂದು ಮುಚ್ಚಿದರು. ಅದಕ್ಕೆ ಆರು ದಿನ ಮೊದಲು ಗಾಲಿಕುರ್ಚಿಯವರ ಒಂದು ಗುಂಪು ಪಾರ್ಲಿಮೆಂಟಿನ ಸಭಾಂಗಣದ ಬಾಗಿಲವರೆಗೂ ನುಗ್ಗಿತ್ತು. ನಿಧಿ ಉಳಿಯಲಿಲ್ಲ. ಆದರೆ 2016ರಲ್ಲಿಯೂ 2025ರಲ್ಲಿಯೂ ಅಂಗವಿಕಲರ ಭತ್ಯೆಯನ್ನು ಮೊಟಕು ಮಾಡಲು ಹೊರಟ ಸರ್ಕಾರಗಳು, ವಿರೋಧಕ್ಕೆ ಮಣಿದು ಆ ಯೋಜನೆಯಿಂದ ಹಿಂದೆಗೆದುವು.

ನೆರವು ಕಡಿಮೆಯಾದರೆ ಜನ ತಾವಾಗಿಯೇ ಕೆಲಸಕ್ಕೆ ಹೋಗುತ್ತಾರೆ ಎನ್ನುವವರುಂಟು. ಆದರೆ ಆ ಭತ್ಯೆ ಕೆಲಸದಲ್ಲಿರುವವರಿಗೂ ಸಲ್ಲುತ್ತದೆ. ಹೊಂದಿಸಿದ ವಾಹನಕ್ಕೋ, ಬೆಳಗ್ಗೆ ಎಬ್ಬಿಸಿ ಬಟ್ಟೆ ತೊಡಿಸುವ ಸಹಾಯಕನಿಗೋ ಆ ಹಣ ಹೋಗುತ್ತದೆ. ಅದನ್ನು ಕಿತ್ತರೆ ಕೆಲಸಕ್ಕೆ ಹೋಗುವ ದಾರಿಯನ್ನೇ ಕಿತ್ತಂತೆ.

ಗುರಿಯ ಕಡೆಗೆ ಒಯ್ಯುವುದು ಯಾವುದೋ ಅದೇ ನ್ಯಾಯ ಎಂದು ನಮ್ಮ ಶಾಸ್ತ್ರಕಾರರು ಆ ಶಬ್ದವನ್ನು ಬಿಡಿಸುತ್ತಾರೆ. ನಾಳೆ ನಮ್ಮ ಬೀದಿಯಲ್ಲಿ ಅಂಗವಿಕಲರೊಬ್ಬರು ಎದುರಾದಾಗ ಜೇಬಿಗೆ ಕೈ ಹಾಕುವ ಮೊದಲು, "ತಾವು ಯಾವ ಕೆಲಸ ಬಲ್ಲಿರಿ? ಅದಕ್ಕೆ ಅಡ್ಡವಾಗಿರುವುದೇನು?" ಎಂದು ಕೇಳಿ ನೋಡೋಣ. ಆ ಉತ್ತರದಲ್ಲಿ ನಾವು ಮಾಡಬೇಕಾದ ಕೆಲಸವೂ ಇರುತ್ತದೆ.