ಕೆಟ್ಟವರ ಸಹವಾಸದಲ್ಲಿ ಇಪ್ಪತ್ತು ವರ್ಷ



ಹಾಸ್ಯವನ್ನು ಕುರಿತು ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ನಾನು ಆರಿಸಿಕೊಂಡಿರುವುದು ಅಮೆರಿಕದ ಒಂದು ಟೆಲಿವಿಷನ್ ಧಾರಾವಾಹಿಯನ್ನು. ಅದರಲ್ಲಿ ಐದು ಮುಖ್ಯ ಪಾತ್ರಗಳಿವೆ. ಐವರಲ್ಲಿ ಒಬ್ಬರೂ ಒಳ್ಳೆಯವರಲ್ಲ. ಸುಳ್ಳು, ಸ್ವಾರ್ಥ, ಕುಡಿತ, ಜನಾಂಗದ್ವೇಷ, ಹೆತ್ತವರಿಗೆ ದ್ರೋಹ, ಗೆಳೆಯರ ಬೆನ್ನಿಗೆ ಚೂರಿ, ಯಾವುದಕ್ಕೂ ಹೇಸದ ಮಂದಿ. ಇಂಥವರ ಕಥೆಯನ್ನು ಜನ ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದಾರೆ. ಬರೀ ನೋಡುತ್ತಿಲ್ಲ, ಮನೆಮಂದಿಯ ಮಾತಿನಂತೆ ಅದರ ಸಂಭಾಷಣೆಯನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಯಾಕೆ ಎನ್ನುವುದೇ ಇವತ್ತಿನ ನನ್ನ ವಿಷಯ.

'ಇಟ್ಸ್ ಆಲ್ವೇಸ್ ಸನ್ನಿ ಇನ್ ಫಿಲಡೆಲ್ಫಿಯಾ' ಎಂಬ ಈ ಧಾರಾವಾಹಿ 2005ರ ಆಗಸ್ಟ್ 4ರಂದು ಎಫ್‌ಎಕ್ಸ್ ಎಂಬ ಕೇಬಲ್ ವಾಹಿನಿಯಲ್ಲಿ ಶುರುವಾಯಿತು. ಇದನ್ನು ಹುಟ್ಟುಹಾಕಿದ ರಾಬ್ ಮ್ಯಾಕ್‌ಎಲ್ಹೆನಿ ಆಗ ಅವಕಾಶಕ್ಕಾಗಿ ಕಾಯುತ್ತ ಲಾಸ್ ಏಂಜಲೀಸ್‌ನಲ್ಲಿ ಹೋಟೆಲ್ ಮಾಣಿಯ ಕೆಲಸ ಮಾಡಿಕೊಂಡಿದ್ದ ನಟ. ಗೆಳೆಯರಾದ ಗ್ಲೆನ್ ಹೋವರ್ಟನ್, ಚಾರ್ಲಿ ಡೇ ಜೊತೆ ಸೇರಿ ಸಾಮಾನ್ಯ ಕ್ಯಾಮೆರಾದಲ್ಲಿ, ಹೆಚ್ಚುಕಡಿಮೆ ಕೈಖರ್ಚಿನ ಹಣದಲ್ಲೇ ಮಾದರಿ ಕಂತನ್ನು ಚಿತ್ರಿಸಿದ. ಇಡೀ ಧಾರಾವಾಹಿಯ ಬೀಜ ಒಂದೇ ಒಂದು ದೃಶ್ಯ. ಒಬ್ಬ ಸಕ್ಕರೆ ಕೇಳಲು ಗೆಳೆಯನ ಮನೆಗೆ ಹೋಗುತ್ತಾನೆ. ಗೆಳೆಯ ತನಗೆ ಕ್ಯಾನ್ಸರ್ ಇದೆಯೆಂದು ಹೇಳಿಕೊಳ್ಳುತ್ತಾನೆ. ಕೇಳಿಸಿಕೊಂಡವನಿಗೆ ಬೇಕಾಗಿರುವುದು ಸಕ್ಕರೆ. ಅದನ್ನು ಇಸಕೊಂಡು ಆದಷ್ಟು ಬೇಗ ಅಲ್ಲಿಂದ ಜಾಗ ಖಾಲಿ ಮಾಡುವುದು ಹೇಗೆ ಎಂಬುದೊಂದೇ ಅವನ ಚಿಂತೆ.

ಈ ದೃಶ್ಯ ನಮ್ಮನ್ನು ನಗಿಸುವುದು ಆ ಮನುಷ್ಯ ಅಪರೂಪದ ರಾಕ್ಷಸ ಎಂಬ ಕಾರಣಕ್ಕಲ್ಲ. ಆಸ್ಪತ್ರೆಯಲ್ಲಿ ಮಲಗಿದವರ ಪಕ್ಕ ಕೂತು ಕಣ್ಣಂಚಿನಲ್ಲಿ ಗಡಿಯಾರ ನೋಡದವರು ಯಾರಿದ್ದಾರೆ? ನಾವು ನೋಡಿಯೂ ನೋಡದಂತೆ ನಟಿಸುತ್ತೇವೆ. ಇವರು ನಟಿಸುವುದಿಲ್ಲ.

ಮಾದರಿ ಕಂತಿನಲ್ಲಿ ಪಾತ್ರಗಳು ಲಾಸ್ ಏಂಜಲೀಸ್‌ನ ನಟರಾಗಿದ್ದವು. ವಾಹಿನಿ ಅದನ್ನು ಒಪ್ಪಲಿಲ್ಲ. ಕಥೆ ದಕ್ಷಿಣ ಫಿಲಡೆಲ್ಫಿಯಾದ 'ಪ್ಯಾಡೀಸ್ ಪಬ್' ಎಂಬ, ಗಿರಾಕಿಗಳೇ ಬಾರದ ಕೊಳಕು ಬಾರಿಗೆ ಸ್ಥಳಾಂತರವಾಯಿತು. ಮ್ಯಾಕ್, ಚಾರ್ಲಿ, ಡೆನಿಸ್, ಡೆನಿಸ್‌ನ ಅವಳಿ ಸೋದರಿ ಡೀ, ಇವರಿಷ್ಟೇ ಮೊದಲಿಗೆ. ಏಳು ಕಂತುಗಳ ಮೊದಲ ಸೀಸನ್ನನ್ನು ನೋಡಿದವರು ಕಡಿಮೆ. ಹೆಸರಾಂತ ಮುಖವೊಂದು ಬೇಕೆಂದು ವಾಹಿನಿ ಪಟ್ಟು ಹಿಡಿದ ಮೇಲೆ 2006ರಲ್ಲಿ ಡ್ಯಾನಿ ಡಿವಿಟೊ ಬಂದರು. ಅವರು ಆಡುವ ಫ್ರಾಂಕ್, ಅವಳಿಗಳ ಅಪ್ಪನೆನಿಸಿಕೊಂಡವನು. ಮಕ್ಕಳನ್ನು ತಿದ್ದಲು ಬಂದ ಹಿರಿಯನಲ್ಲ, ಅವರಿಗಿಂತ ಕೆಳಗಿಳಿಯಲು ಹಣವನ್ನೂ ಬಿಡುವನ್ನೂ ಜೊತೆಗೇ ತಂದವನು.

ಅಮೆರಿಕದ ಸಿಟ್‌ಕಾಮ್, ಅಂದರೆ ಹಾಸ್ಯ ಧಾರಾವಾಹಿಯ ಸಂಪ್ರದಾಯದಲ್ಲಿ ಕಂತಿನ ಕೊನೆಗೆ ಯಾರಾದರೂ ಏನಾದರೂ ಕಲಿಯಬೇಕು, ಒಂದು ಅಪ್ಪುಗೆ ಇರಬೇಕು. ಅಪ್ಪುಗೆಯೂ ಬೇಡ, ಪಾಠವೂ ಬೇಡ ಎಂದು 'ಸೈನ್‌ಫೆಲ್ಡ್' ಧಾರಾವಾಹಿಯ ಲ್ಯಾರಿ ಡೇವಿಡ್ 1990ರ ದಶಕದಲ್ಲೇ ನಿಯಮ ಮಾಡಿಕೊಂಡಿದ್ದರು. 'ಸನ್ನಿ' ಅದರ ಮೇಲೆ ಇನ್ನೊಂದು ಹೆಜ್ಜೆ ಇಟ್ಟಿತು. ಇಲ್ಲಿ ಪಾತ್ರಗಳು ಕಲಿಯುವುದಿಲ್ಲ, ಆದರೆ ತಾವು ಕಲಿತೆವೆಂದು ಘೋಷಿಸುತ್ತವೆ. ಹಲವು ಕಂತುಗಳ ಆರಂಭದಲ್ಲಿ ಅವರು ಏನನ್ನೋ ಖಡಾಖಂಡಿತವಾಗಿ ಹೇಳುತ್ತಾರೆ. ಮರುಕ್ಷಣವೇ ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರದಲ್ಲಿ ಕಂತಿನ ಹೆಸರು ಮೂಡಿ ಆ ಮಾತನ್ನು ಸುಳ್ಳು ಮಾಡುತ್ತದೆ. ಹಿನ್ನೆಲೆಯಲ್ಲಿ ಹೈಂಜ್ ಕೀಸ್ಲಿಂಗ್ ಎಂಬ ಜರ್ಮನ್ ಸಂಯೋಜಕನ ಹಳೆಯ, ಹಗುರವಾದ, ಮಧುರವಾದ ವಾದ್ಯಸಂಗೀತ. ಹೆಂಡದಂಗಡಿಗೆ ಮಂಗಳವಾದ್ಯ! ಇನ್ನು ಧಾರಾವಾಹಿಯಲ್ಲಿ ಮುದ್ರಿತ ನಗೆಯಿಲ್ಲ. ಎಲ್ಲಿ ನಗಬೇಕು, ಎಲ್ಲಿ ಅಸಹ್ಯಪಡಬೇಕು ಎಂದು ಯಾರೂ ಸೂಚನೆ ಕೊಡುವುದಿಲ್ಲ. ಅಭಿಮಾನದ ಮೂಲ ನನಗೆ ಕಾಣುವುದು ಇಲ್ಲೇ. ತೀರ್ಪು ಕೊಡುವ ಕೆಲಸವನ್ನು ಈ ಧಾರಾವಾಹಿ ತಾನು ಇಟ್ಟುಕೊಳ್ಳದೆ ಪೂರ್ತಿಯಾಗಿ ನೋಡುವವನಿಗೆ ಬಿಟ್ಟುಕೊಡುತ್ತದೆ. ಹಾಗೆ ನಂಬಿ ಬಿಟ್ಟವರನ್ನು ಪ್ರೇಕ್ಷಕ ಸುಲಭಕ್ಕೆ ಕೈಬಿಡುವುದಿಲ್ಲ.

ಇದು ನಮ್ಮ ಕಾವ್ಯಮೀಮಾಂಸೆಗೆ ಹೊಸದೇನಲ್ಲ. ಭಾವ ಅನುಚಿತವಾದ ಕಡೆ ಹರಿದಾಗ ರಸವಾಗದೆ ರಸಾಭಾಸವಾಗುತ್ತದೆ, ಆ ಆಭಾಸವೇ ಹಾಸ್ಯಕ್ಕೆ ಕಾರಣವಾಗಬಲ್ಲದು ಎಂದು ಅಭಿನವಗುಪ್ತ ವಿವರಿಸುತ್ತಾನೆ. ಸೀತೆಯ ಮೇಲೆ ರಾವಣನಿಗಿದ್ದ ಮೋಹ ಅವನು ಕೊಡುವ ಉದಾಹರಣೆ. ರಾವಣನ ಪಾಲಿಗೆ ಅದು ಅಪ್ಪಟ ಶೃಂಗಾರ. ದೂರ ನಿಂತು ನೋಡುವವನಿಗಷ್ಟೇ ಅದು ಆಭಾಸ. 'ಸನ್ನಿ'ಯ ಚಾರ್ಲಿಯನ್ನು ನೋಡಿ. ಕಾಫಿ ಅಂಗಡಿಯ ಪರಿಚಾರಿಕೆಯೊಬ್ಬಳ ಬೆನ್ನು ಬಿದ್ದು ವರ್ಷಗಟ್ಟಲೆ ಕಾಡುತ್ತಾನೆ. ಅದನ್ನು ಅವನು ಅಮರಪ್ರೇಮ ಎಂದೇ ನಂಬಿದ್ದಾನೆ. ಧಾರಾವಾಹಿ ಅವಳಿಗೆ ಒಂದು ಹೆಸರನ್ನೂ ಕೊಟ್ಟಿಲ್ಲ, ಅವಳನ್ನು ಯಾರೂ ವ್ಯಕ್ತಿಯಾಗಿ ಕಂಡಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 2017ರಲ್ಲಿ, ಹನ್ನೆರಡನೇ ಸೀಸನ್ನಿನ ಕೊನೆಗೆ ಅವಳು ಒಲಿದೇಬಿಡುತ್ತಾಳೆ. ಒಲಿದ ಬೆನ್ನಿಗೇ ಅವನಿಗೆ ಅವಳು ಕಿರಿಕಿರಿ ಅನಿಸತೊಡಗುತ್ತಾಳೆ. ಬೇರೆ ಧಾರಾವಾಹಿಯಾಗಿದ್ದರೆ ಅಲ್ಲೊಂದು ಮದುವೆ ಮಂಟಪ ಏಳುತ್ತಿತ್ತು.

ಕುಡುಕರ ಪ್ರಹಸನಕ್ಕೂ ನಮ್ಮಲ್ಲಿ ಹಳೆಯ ವಂಶಾವಳಿಯಿದೆ. ನಮ್ಮ ಇಮ್ಮಡಿ ಪುಲಕೇಶಿಯ ಎದುರಾಳಿಯಾಗಿದ್ದ ಪಲ್ಲವ ದೊರೆ ಮಹೇಂದ್ರವರ್ಮ ಏಳನೇ ಶತಮಾನದ ಆದಿಭಾಗದಲ್ಲಿ 'ಮತ್ತವಿಲಾಸ' ಬರೆದ. ಕಾಂಚೀಪುರದ ಬೀದಿಯಲ್ಲಿ ಒಬ್ಬ ಕಾಪಾಲಿಕ ಕುಡಿದು ತನ್ನ ಭಿಕ್ಷಾಪಾತ್ರೆಯಾದ ಕಪಾಲವನ್ನು ಕಳೆದುಕೊಳ್ಳುತ್ತಾನೆ, ದಾರಿಹೋಕ ಬೌದ್ಧ ಭಿಕ್ಷುವಿನ ಮೇಲೆ ಕಳ್ಳತನ ಹೊರಿಸುತ್ತಾನೆ, ಹೆಂಡದಂಗಡಿಯನ್ನು ಯಜ್ಞಶಾಲೆಗೆ ಹೋಲಿಸುತ್ತಾನೆ. ಕದ್ದದ್ದು ನಾಯಿ. ಆ ನಾಟಕದಲ್ಲೂ ಯಾರೂ ತಿದ್ದಿಕೊಳ್ಳುವುದಿಲ್ಲ. ರಾಜನೊಬ್ಬ ಕುಳಿತು ಇದನ್ನು ಬರೆದನಲ್ಲ ಎಂದು ನನಗೆ ಆಗಾಗ ಖುಷಿಯಾಗುತ್ತದೆ.

ಆದರೆ ಪ್ರಹಸನ ಒಂದು ಸಂಜೆಗೆ ಮುಗಿಯುತ್ತದೆ. ಇಪ್ಪತ್ತು ವರ್ಷ ಒಂದೇ ದುಷ್ಟಕೂಟವನ್ನು ಸಹಿಸಿಕೊಳ್ಳುವುದು ಬೇರೆ ಮಾತು. ಅದು ಸಾಧ್ಯವಾದದ್ದು ಮುಖ್ಯವಾಗಿ ಅವರು ಸೋಲುವುದರಿಂದ. ಪೆಟ್ರೋಲ್ ಬೆಲೆ ಏರಿದಾಗ ಕೂಡಿಟ್ಟು ಮಾರುವ ಯೋಜನೆಯಿರಲಿ, ಪ್ರಶಸ್ತಿ ಗಿಟ್ಟಿಸಲು ಬಾರಿಗೆ ಬಣ್ಣ ಬಳಿಯುವ ಯೋಜನೆಯಿರಲಿ, ಎಲ್ಲವೂ ಮಣ್ಣುಪಾಲು. ಕೇಡಿನಿಂದ ಅವರಿಗೆ ಚಿಕ್ಕಾಸಿನ ಲಾಭವೂ ಇಲ್ಲ. ನಷ್ಟ ಮಾತ್ರ ಅಕ್ಕಪಕ್ಕದವರಿಗೂ ತಟ್ಟುತ್ತದೆ. 2006ರಲ್ಲಿ ಮ್ಯಾಥ್ಯೂ ಮಾರಾ ಎಂಬ ಯುವ ಪಾದ್ರಿ ಬರುತ್ತಾನೆ. 'ಕ್ರಿಕೆಟ್' ಅವನ ಅಡ್ಡಹೆಸರು. ಡೀಯ ಮಾತು ನಂಬಿ ಪಾದ್ರಿಗಿರಿ ಬಿಡುತ್ತಾನೆ. ಮುಂದೆ ಬೀದಿಗೆ ಬೀಳುತ್ತಾನೆ, ಮಾದಕವ್ಯಸನಿಯಾಗುತ್ತಾನೆ, ಕೊನೆಗೆ ಬೆಂಕಿಯಲ್ಲಿ ಅವನ ಮುಖವೇ ಸುಡುತ್ತದೆ. ಸೀಸನ್ನಿನಿಂದ ಸೀಸನ್ನಿಗೆ ಅವನ ದೇಹವೇ ಆ ಐವರ ಪಾಪದ ಲೆಕ್ಕಪುಸ್ತಕವಾಗುತ್ತದೆ. ಆ ಐವರು ಅದರತ್ತ ತಿರುಗಿಯೂ ನೋಡುವುದಿಲ್ಲ, ನೋಡುವವರು ನಾವು.

ಟೆಲಿವಿಷನ್‌ಗೆ ಕೊಡುವ ಎಮ್ಮಿ ಪ್ರಶಸ್ತಿಯಲ್ಲಿ ಸಾಹಸ ದೃಶ್ಯಗಳಿಗೆ ಸಿಕ್ಕ ನಾಮನಿರ್ದೇಶನ ಬಿಟ್ಟರೆ ಇದಕ್ಕೆ ದೊಡ್ಡ ಮನ್ನಣೆ ದಕ್ಕಲಿಲ್ಲ. ಆದರೂ 2021ರಲ್ಲಿ ಹದಿನೈದನೇ ಸೀಸನ್ನಿಗೆ ಕಾಲಿಟ್ಟು, ನಟರನ್ನಿಟ್ಟು ಚಿತ್ರಿಸಿದ ಅಮೆರಿಕದ ಸಿಟ್‌ಕಾಮ್‌ಗಳಲ್ಲೇ ಹೆಚ್ಚು ಸೀಸನ್ ಕಂಡದ್ದೆಂಬ ದಾಖಲೆ ಬರೆಯಿತು. ಹಳೆಯ ದಾಖಲೆ ಯಾವುದರದು ಗೊತ್ತೇ? ಸಜ್ಜನ ಸಂಸಾರವೊಂದರ ಕಥೆಯಾದ 'ಆಝಿ ಅಂಡ್ ಹ್ಯಾರಿಯೆಟ್'ನದು.

ಇಷ್ಟು ಹೊಗಳಿದ ಮೇಲೆ ಒಂದು ಕಸಿವಿಸಿಯನ್ನೂ ಹೇಳಬೇಕು. ತೀರ್ಪನ್ನು ಪ್ರೇಕ್ಷಕನಿಗೆ ಬಿಟ್ಟರೆ ಅವನು ತಪ್ಪು ತೀರ್ಪನ್ನೂ ಕೊಡಬಹುದು. 1971ರಲ್ಲಿ ಶುರುವಾದ 'ಆಲ್ ಇನ್ ದ ಫ್ಯಾಮಿಲಿ' ಧಾರಾವಾಹಿಯಲ್ಲಿ ಆರ್ಚಿ ಬಂಕರ್ ಎಂಬ ಪೂರ್ವಗ್ರಹಿಯನ್ನು ಗೇಲಿ ಮಾಡಲಾಗಿತ್ತು. ನೀಲ್ ವಿಡ್ಮಾರ್, ಮಿಲ್ಟನ್ ರೋಕೀಚ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೂರ್ವಗ್ರಹ ಹೆಚ್ಚಿದ್ದ ನೋಡುಗರು ಆರ್ಚಿಯನ್ನೇ ಮೆಚ್ಚುವ ಒಲವು ತೋರಿದರು. ಗೇಲಿಯನ್ನು ಅವರು ಬೆಂಬಲವೆಂದು ಓದಿಕೊಂಡರು. 'ಸನ್ನಿ'ಯ ಅಭಿಮಾನಿಗಳಲ್ಲೂ ಡೆನಿಸ್‌ನ ಹೆಣ್ಣುಬೇಟೆಯ ತಂತ್ರಗಳನ್ನು ಜಾಣತನವೆಂದು ಮೆಚ್ಚುವವರು ಇರಲಾರರೆಂದು ನಾನು ಪ್ರಮಾಣ ಮಾಡಲಾರೆ.

2020ರಲ್ಲಿ ಅಮೆರಿಕದಲ್ಲಿ ಜನಾಂಗದ್ವೇಷದ ವಿರುದ್ಧ ಜನ ಬೀದಿಗಿಳಿದಾಗ, ಬಿಳಿಯ ಪಾತ್ರಗಳು ಮುಖಕ್ಕೆ ಬಣ್ಣ ಬಳಿದುಕೊಂಡು ಬೇರೆ ಜನಾಂಗದವರಂತೆ ನಟಿಸುವ ಕೆಲವು ಕಂತುಗಳನ್ನು ಸ್ಟ್ರೀಮಿಂಗ್ ವೇದಿಕೆಗಳು ತೆಗೆದುಹಾಕಿದವು. ಆ ಪೈಕಿ 2010ರ ಒಂದು ಕಂತಿನಲ್ಲಿ, ಹಾಗೆ ಬಣ್ಣ ಬಳಿಯುವುದು ಸರಿಯೇ ಎಂದು ಆ ಐವರೇ ಜಗಳವಾಡುತ್ತಾರೆ. ತೆಗೆದದ್ದು ನನಗೆ ಸರಿ ಕಾಣುವುದಿಲ್ಲ. ಆದರೆ ಆ ಕಂತುಗಳಿಂದ ನೊಂದವರಿಗೆ 'ನಿಮಗೆ ವ್ಯಂಗ್ಯ ತಿಳಿಯಲಿಲ್ಲ' ಎಂದು ಹೇಳುವ ಅಭಿಮಾನಿಗಳ ಜಂಬವೂ ನನಗೆ ಸೇರುವುದಿಲ್ಲ. 2021ರಲ್ಲಿ ಧಾರಾವಾಹಿ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟಿತು. ತಾವು ಮನೆಯಲ್ಲೇ ತೆಗೆದ ಸಿನಿಮಾಗಳನ್ನು ಗ್ರಂಥಾಲಯದವರು ಕಪಾಟಿನಿಂದ ತೆಗೆದಿದ್ದಾರೆಂದು ಆ ಐವರಿಗೆ ಗೊತ್ತಾಗುತ್ತದೆ. ಈ ಸಲ ಯಾರಿಗೂ ನೋವಾಗದ ಸಿನಿಮಾ ಮಾಡುತ್ತೇವೆಂದು ಅವರು ಹೊರಡುತ್ತಾರೆ, ಮತ್ತೆ ಎಲ್ಲವನ್ನೂ ಕೆಡಿಸಿಕೊಳ್ಳುತ್ತಾರೆ.